ಗ್ಯಾಸ್ ವಾಸನೆ ಎಲ್ಲಿಂದ ಬರುತ್ತಿದೆ? ಮನೆಯ ಸಿಲಿಂಡರ್, ಪೈಪ್, ಸ್ಟೌಗೆ ಒಂದು ದೋಷ ನಿವಾರಣೆ ಕೈಪಿಡಿ

ಇದನ್ನು ಓದುವ ಹೊತ್ತಿಗೇ ನಿಮ್ಮ ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಜೋರಾಗಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಸ್ಟೌ ನಾಬ್ ಮತ್ತು ರೆಗ್ಯುಲೇಟರ್ ಎರಡನ್ನೂ ಆಫ್ ಮಾಡಿ. ದೇವರ ದೀಪ, ಊದುಬತ್ತಿ, ಸೊಳ್ಳೆಬತ್ತಿ ಉರಿಯುತ್ತಿದ್ದರೆ ಆರಿಸಿ. ಕಿಟಕಿ, ಬಾಗಿಲು ಪೂರ್ತಿ ತೆಗೆಯಿರಿ. ಕರೆಂಟಿನ ಸ್ವಿಚ್ ಮಾತ್ರ ಮುಟ್ಟಬೇಡಿ. ಲೈಟ್ ಉರಿಯುತ್ತಿದ್ದರೆ ಉರಿಯಲಿ, ಫ್ಯಾನ್ ನಿಂತಿದ್ದರೆ ನಿಂತೇ ಇರಲಿ. ಸ್ವಿಚ್ ಹಾಕುವಾಗ ಮಾತ್ರವಲ್ಲ, ಆರಿಸುವಾಗಲೂ ಒಳಗೆ ಕಿಡಿ ಹಾರುತ್ತದೆ. ವಾಸನೆ ಬೇಗ ಹೋಗಲಿ ಅಂತ ಎಕ್ಸಾಸ್ಟ್ ಫ್ಯಾನ್ ಹಾಕುವವರು ಬಹಳ ಜನ. ಅದು ತುಂಬಾ ಅಪಾಯ. ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದ 1906ಕ್ಕೆ ಫೋನ್ ಮಾಡಿ. ಅಡುಗೆ ಅನಿಲ ಸೋರಿಕೆಗಾಗಿಯೇ ಇರುವ ನಂಬರ್ ಅದು, ಹಗಲು ರಾತ್ರಿ ಕೆಲಸ ಮಾಡುತ್ತದೆ. ಬೆಂಕಿ ಹತ್ತಿದ್ದರೆ 112.

ವಾಸನೆ ತೆಳುವಾಗಿದೆ, ಕಿಟಕಿ ತೆಗೆದರೆ ಹೋಗುತ್ತದೆ, ಆದರೆ ಮತ್ತೆ ಮತ್ತೆ ಬರುತ್ತದೆ ಅನ್ನುವವರಿಗೆ ಮುಂದಿನದು.

ವಾಸನೆ ಬಂದ ಜಾಗವೇ ಸೋರುವ ಜಾಗವಲ್ಲ

ತೀರ್ಥಹಳ್ಳಿ ಕಡೆ ನಮ್ಮ ಅಮ್ಮನ ಮನೆ. ಹಳೇ ಕಾಲದ ಮನೆ. ಅಡುಗೆಮನೆಯಿಂದ ಮೂರು ಮೆಟ್ಟಿಲು ಇಳಿದರೆ ಬಚ್ಚಲು, ಅಲ್ಲೇ ಹಂಡೆ ಒಲೆ. ಒಂದು ಮಳೆಗಾಲ ಅಮ್ಮ ಫೋನಿನಲ್ಲಿ ಹೇಳಿದರು: "ಬೆಳಗ್ಗೆ ಎದ್ದರೆ ಬಚ್ಚಲಲ್ಲಿ ಏನೋ ಕೊಳೆತ ವಾಸನೆ. ಸೌದೆ ರಾಶಿಯಲ್ಲಿ ಇಲಿ ಸತ್ತಿರಬೇಕು." ನಾನು ಹೋದಾಗ ಸೌದೆಯನ್ನೆಲ್ಲ ಎಳೆದು ಹಾಕಿ ಹುಡುಕಿದೆವು. ಇಲಿ ಸಿಗಲಿಲ್ಲ. ಅಡುಗೆಮನೆಯಲ್ಲಿ ನಿಂತರೆ ಏನೂ ವಾಸನೆ ಇಲ್ಲ. ಬಗ್ಗಿ ನೆಲದ ಹತ್ತಿರ ಮೂಗು ಹಿಡಿದಾಗ ಗೊತ್ತಾಯಿತು, ಅದು ಗ್ಯಾಸ್.

ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಒಂದೂವರೆಯಿಂದ ಎರಡು ಪಟ್ಟು. ಸೋರಿದ್ದು ಮೇಲೆ ಹೋಗುವುದಿಲ್ಲ. ಚೆಲ್ಲಿದ ನೀರಿನ ಹಾಗೆ ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ನಮ್ಮ ಮನೆಯಲ್ಲಿ ಹೊಸಿಲು ದಾಟಿ, ಮೆಟ್ಟಿಲು ಇಳಿದು, ಹಂಡೆ ಒಲೆಯ ಮುಂದೆ ನಿಂತಿತ್ತು. ಅಮ್ಮ ದಿನಾ ಬೆಳಗ್ಗೆ ಐದು ಗಂಟೆಗೆ ಅದೇ ಒಲೆಗೆ ಬೆಂಕಿ ಹಾಕುತ್ತಿದ್ದರು. ಗಾಳಿಯಲ್ಲಿ ಈ ಗ್ಯಾಸ್ ಸುಮಾರು 2 ಪರ್ಸೆಂಟ್ ಸೇರಿದರೆ ಸಾಕು, ಹತ್ತಿಕೊಳ್ಳುತ್ತದೆ. ಅಷ್ಟು ದಿನ ಏನೂ ಆಗದೇ ಉಳಿದದ್ದು ಬಚ್ಚಲ ಹೆಂಚಿನ ಸಂದಿಯಿಂದಲೂ ನೀರು ಹೋಗುವ ತೂತಿನಿಂದಲೂ ಗಾಳಿ ಆಡುತ್ತಿದ್ದದ್ದಕ್ಕೆ ಇರಬೇಕು. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಆದ್ದರಿಂದ ಮೊದಲ ಕೆಲಸ ನಿಮ್ಮ ಮನೆಯ ತಗ್ಗು ಎಲ್ಲಿದೆ ಅಂತ ನೋಡುವುದು. ಬಚ್ಚಲು, ಸಂಪ್, ಚರಂಡಿ ಬಾಯಿ, ಮಂಚದ ಕೆಳಗೆ, ಸಿಂಕಿನ ಕೆಳಗಿನ ಕಪಾಟು. ವಾಸನೆ ಹುಡುಕುವಾಗ ನಿಂತುಕೊಂಡು ಹುಡುಕಬೇಡಿ, ಬಗ್ಗಿ ನೋಡಿ. ಮನೆಯಲ್ಲಿ ಸೌದೆ ಒಲೆಯೂ ಗ್ಯಾಸೂ ಎರಡೂ ಇದ್ದರೆ ಇದು ಇನ್ನೂ ಮುಖ್ಯ. ಸೌದೆ ಒಲೆ ಇರುವುದು ನೆಲದ ಮಟ್ಟದಲ್ಲಿ, ಸೋರಿದ ಗ್ಯಾಸ್ ಬಂದು ನಿಲ್ಲುವುದೂ ಅದೇ ಮಟ್ಟದಲ್ಲಿ.

ಇನ್ನೊಂದು ಮಾತು. ಈ ಗ್ಯಾಸ್‌ಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಅನ್ನುವ ಗಬ್ಬು ನಾತದ ವಸ್ತುವನ್ನು ಬೆರೆಸುತ್ತಾರೆ. ಒಂದೇ ಕೋಣೆಯಲ್ಲಿ ತುಂಬಾ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ನೆಗಡಿ ಇದ್ದವರಿಗೆ, ವಯಸ್ಸಾದವರಿಗೆ ತಿಳಿಯುವುದು ಕಡಿಮೆ. ಹೊರಗಿನಿಂದ ಬಂದವರು "ಏನೋ ವಾಸನೆ" ಅಂದರೆ ಅವರ ಮಾತು ನಂಬಿ.

ಯಾವಾಗ ಬರುತ್ತದೆ ಅನ್ನುವುದೇ ಸುಳಿವು

ದೋಷ ಹುಡುಕಲು ಮೂರು ಪ್ರಶ್ನೆ ಸಾಕು. ರೆಗ್ಯುಲೇಟರ್ ಆಫ್ ಇದ್ದಾಗಲೂ ವಾಸನೆ ಇದೆಯೇ? ಹಾಗಿದ್ದರೆ ಸಿಲಿಂಡರಿನ ವಾಲ್ವ್‌ನಲ್ಲೇ ತೊಂದರೆ. ರೆಗ್ಯುಲೇಟರ್ ಆನ್ ಆಗಿದ್ದು, ಸ್ಟೌ ಹಚ್ಚದೇ ಇದ್ದಾಗ ಬರುತ್ತದೆಯೇ? ಆಗ ವಾಷರ್, ರೆಗ್ಯುಲೇಟರ್, ಪೈಪ್, ಸ್ಟೌ ನಾಬ್ ಇವುಗಳಲ್ಲಿ ಒಂದು. ಸ್ಟೌ ಹಚ್ಚಿದಾಗ ಮಾತ್ರ ಬಂದರೆ ಬರ್ನರ್ ಕಡೆ ನೋಡಿ.

ಅಮ್ಮನ ಮನೆಯದು ಎರಡನೇ ಜಾತಿ. ರಾತ್ರಿ ಅವರು ಸ್ಟೌ ನಾಬ್ ಮಾತ್ರ ಆಫ್ ಮಾಡಿ ಮಲಗುತ್ತಿದ್ದರು. ರೆಗ್ಯುಲೇಟರ್ ಇಡೀ ರಾತ್ರಿ ಆನ್. ಬೆಳಗಿನವರೆಗೆ ಸ್ವಲ್ಪ ಸ್ವಲ್ಪವೇ ಸೋರಿ ಬಚ್ಚಲು ಸೇರುತ್ತಿತ್ತು. ಏಜೆನ್ಸಿಯಿಂದ ಬಂದ ಮೆಕ್ಯಾನಿಕ್ ಪೈಪ್ ನೋಡಿ "ಹಳೇದಾಗಿದೆ" ಅಂತ ಬದಲಾಯಿಸಿ ಹೋದರು. ಪೈಪ್ ಹಳೆಯದಾಗಿದ್ದದ್ದು ನಿಜ. ಆದರೆ ಮಾರನೇ ಬೆಳಗ್ಗೆ ವಾಸನೆ ಮತ್ತೆ ಹಾಜರ್. ಪರೀಕ್ಷೆ ಮಾಡದೇ ಭಾಗ ಬದಲಾಯಿಸಿದರೆ ಹೀಗೇ ಆಗುತ್ತದೆ.

ಪರೀಕ್ಷೆಗೆ ಬೇಕಾದ್ದು ಸೋಪು ನೀರು, ಅಷ್ಟೇ. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಇನ್ನೂ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಅರ್ಧ ಲೋಟ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕಲಕಿ, ನೊರೆ ಇಳಿಯುವ ತನಕ ಕಾಯಿರಿ. ಕಾಯದಿದ್ದರೆ ಕಲಕಿದ ನೊರೆಯನ್ನೇ ಸೋರಿಕೆ ಅಂದುಕೊಳ್ಳುತ್ತೀರಿ. ಹಗಲು ಹೊತ್ತಿನಲ್ಲಿ, ಕಿಟಕಿ ತೆಗೆದು, ಹತ್ತಿರ ಎಲ್ಲೂ ಬೆಂಕಿ ಇಲ್ಲದಾಗ ರೆಗ್ಯುಲೇಟರ್ ಆನ್ ಮಾಡಿ, ಸ್ಟೌ ನಾಬ್ ಆಫ್ ಇರಲಿ. ಹಳೇ ಬ್ರಷ್ಷಿನಲ್ಲಿ ನೀರನ್ನು ಒಂದೊಂದೇ ಜಾಗಕ್ಕೆ ಸವರಿ: ರೆಗ್ಯುಲೇಟರ್ ಬುಡದ ಸುತ್ತ, ಪೈಪ್ ಸೇರುವ ಮೂತಿ, ಪೈಪಿನ ಉದ್ದಕ್ಕೂ, ಸ್ಟೌಗೆ ಸೇರುವ ಮೂತಿ, ನಾಬ್‌ಗಳ ಬುಡ. ಪ್ರತಿ ಜಾಗದಲ್ಲೂ ಅರ್ಧ ನಿಮಿಷ ಕಣ್ಣಿಟ್ಟು ನೋಡಿ. ನೊರೆಯ ಗುಳ್ಳೆ ಕುಗ್ಗುತ್ತಾ ಹೋಗುತ್ತದೆ. ಸೋರಿಕೆಯ ಗುಳ್ಳೆ ಬೆಳೆಯುತ್ತಾ ಹೋಗುತ್ತದೆ.

ನಮ್ಮಲ್ಲಿ ಅದು ಕಂಡದ್ದು ರೆಗ್ಯುಲೇಟರ್ ಬುಡದಲ್ಲಿ, ಗೋಡೆ ಕಡೆಗೆ. ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ನಿಧಾನಕ್ಕೆ ಕಡಲೆಯಷ್ಟಾಗಿ ಒಡೆಯಿತು. ಮತ್ತೆ ಅದೇ ಜಾಗದಲ್ಲಿ ಇನ್ನೊಂದು. ಸದ್ದೇ ಇಲ್ಲ. ಆಫ್ ಮಾಡಿ, ರೆಗ್ಯುಲೇಟರ್ ತೆಗೆದು, ಹಗಲು ಬೆಳಕಿನಲ್ಲಿ ವಾಲ್ವ್ ಬಾಯೊಳಗೆ ನೋಡಿದೆ. ಅಲ್ಲಿ ಒಂದು ಕಪ್ಪು ರಬ್ಬರ್ ಬಳೆ ಇರುತ್ತದೆ. ಎಲ್ಲರೂ ವಾಷರ್ ಅನ್ನುತ್ತಾರೆ, ಓ ರಿಂಗ್ ಅಂತಲೂ ಕರೆಯುತ್ತಾರೆ. ಅದರ ಒಂದು ಅಂಚಿನಲ್ಲಿ ಉಗುರಿನಿಂದ ಕೆತ್ತಿದ ಹಾಗೆ ಸಣ್ಣ ಗೀರು. ಅಷ್ಟರಿಂದಲೇ ಅಷ್ಟೂ ದಿನದ ಕಾಟ. ಕ್ಯಾಪ್ ಹಾಕಿ ಸಿಲಿಂಡರನ್ನು ಹೊರಗಿನ ಜಗಲಿಗೆ ಸಾಗಿಸಿದೆವು. ಮಾರನೇ ದಿನ ಏಜೆನ್ಸಿಯವರು ವಾಷರ್ ಬದಲಾಯಿಸಿದರು.

ವಾಲ್ವ್, ವಾಷರ್, ರೆಗ್ಯುಲೇಟರ್

ಹೊಸ ಸಿಲಿಂಡರ್ ಬಂದಾಗ ತಂದವರು ಬಾಗಿಲಲ್ಲಿ ಇರುವಾಗಲೇ ಸೀಲ್ ತೆಗೆಸಿ ನೋಡಿ. ಕ್ಯಾಪನ್ನು ದಾರ ಎಳೆದು ತೆಗೆಯಬೇಕು. ಚಾಕು, ಮೊಳೆ ಹಾಕಿ ಮೀಟಬಾರದು. ಒಳಗೆ ವಾಷರ್ ಇದೆಯೇ, ದುಂಡಗೆ ಕೂತಿದೆಯೇ, ಹರಿದಿದೆಯೇ ನೋಡಿ. ಬಾಯಿಗೆ ಎರಡು ಹನಿ ಸೋಪು ನೀರು ಬಿಟ್ಟಾಗ ಗುಳ್ಳೆ ಬಂದರೆ ಒಳಗಿನ ಪಿನ್ ಸರಿಯಾಗಿ ಕೂತಿಲ್ಲ. ಆ ಸಿಲಿಂಡರ್ ತೆಗೆದುಕೊಳ್ಳಲೇಬೇಡಿ. ಕಡ್ಡಿಯಿಂದ ಪಿನ್ ಒತ್ತಿ ಸರಿ ಮಾಡಲು ಹೋಗಬೇಡಿ. ಅದನ್ನು ಒತ್ತಿದರೆ ಬರುವುದು ಗ್ಯಾಸೇ.

ರೆಗ್ಯುಲೇಟರ್ ಆನ್ ಮಾಡಿದ ತಕ್ಷಣ ಸುಸ್ ಅಂತ ಸದ್ದು ಬಂದರೆ ವಾಷರ್ ಇಲ್ಲ ಅಥವಾ ಹರಿದಿದೆ ಅಂತಲೇ ಅರ್ಥ. ಕೂಡಲೇ ಆಫ್ ಮಾಡಿ, ತೆಗೆದು, ಕ್ಯಾಪ್ ಒತ್ತಿ ಕೂರಿಸಿ. ಈ ಬಿಳಿ ಕ್ಯಾಪಿನ ಬೆಲೆ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸೀಲ್ ಒಡೆದ ಮೇಲೆ ಕಸದ ಬುಟ್ಟಿಗೆ ಹಾಕುತ್ತಾರೆ. ವಾಲ್ವ್ ಸೋರಿದಾಗ ಅದನ್ನು ತಡೆಯುವ ಏಕೈಕ ವಸ್ತು ಅದು. ದಾರ ಸಮೇತ ಸಿಲಿಂಡರಿಗೇ ಕಟ್ಟಿಡಿ.

ರೆಗ್ಯುಲೇಟರ್ ಮೈಮೇಲೆ ಒಂದು ಪುಟ್ಟ ತೂತು ಇರುತ್ತದೆ. ಒಳಗಿನ ರಬ್ಬರ್ ಪೊರೆ ಉಸಿರಾಡಲು ಇಟ್ಟ ತೂತು ಅದು. ಅಲ್ಲಿ ಗುಳ್ಳೆ ಬಂದರೆ ಪೊರೆ ಹರಿದಿದೆ. ಕೆಲವರು ಅದಕ್ಕೆ ಎಂಸೀಲ್ ಮೆತ್ತಿ ಮುಚ್ಚುತ್ತಾರೆ. ಹಾಗೆ ಮಾಡಿದರೆ ಒತ್ತಡ ಹಿಡಿದಿಡುವ ಕೆಲಸವೇ ಕೆಡುತ್ತದೆ. ರೆಗ್ಯುಲೇಟರನ್ನು ಯಾರೂ ಬಿಚ್ಚಿ ರಿಪೇರಿ ಮಾಡಬಾರದು. ಏಜೆನ್ಸಿಗೆ ಕೊಟ್ಟು ಬದಲಾಯಿಸಿಕೊಳ್ಳಿ.

ಪೈಪ್

ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಇರಲಿ. ಅದರೊಳಗೆ ತಂತಿ ಹೆಣೆದಿರುತ್ತದೆ, ಇಲಿಗೆ ಕಡಿಯುವುದು ಕಷ್ಟ. ಮೈಮೇಲೆ ಬರೆದ ದಿನಾಂಕ ನೋಡಿ, ಐದು ವರ್ಷಕ್ಕೆ ಬದಲಾಯಿಸಿ. ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಐದು ವರ್ಷ ಕಾಯಬೇಡಿ. ಚೆಂದ ಕಾಣಲಿ ಅಂತ ಬಟ್ಟೆ ಸುತ್ತುವುದು, ಪ್ಲಾಸ್ಟಿಕ್ ಕವರ್ ತೊಡಿಸುವುದು ಬೇಡ. ಬಿರುಕು ಅದರಡಿ ಮುಚ್ಚಿಹೋಗುತ್ತದೆ. ಒಂದೇ ಪೈಪಿಗೆ ಟಿ ಹಾಕಿ ಎರಡು ಸ್ಟೌ ಕೊಡುವುದೂ ಬೇಡ.

ನಮ್ಮ ಊರುಗಳಲ್ಲಿ ಸಿಲಿಂಡರನ್ನು ಹಿತ್ತಲಲ್ಲಿಟ್ಟು ಗೋಡೆ ಕೊರೆದು ರಬ್ಬರ್ ಪೈಪ್ ಒಳಗೆ ತರುವ ಪದ್ಧತಿ ಜಾಸ್ತಿ. ಸಿಲಿಂಡರ್ ಹೊರಗಿರುವುದು ಒಳ್ಳೆಯದೇ. ಆದರೆ ರಬ್ಬರ್ ಪೈಪ್ ಗೋಡೆಯೊಳಗೆ ಹೋಗಬಾರದು. ಅಲ್ಲಿ ಸವೆದರೂ ಕಾಣುವುದಿಲ್ಲ, ಸೋಪು ನೀರು ಸವರಲೂ ಆಗುವುದಿಲ್ಲ. ಗೋಡೆ ದಾಟಲು ಲೋಹದ ಪೈಪೇ ಬೇಕು, ಅದನ್ನು ಏಜೆನ್ಸಿ ಮೂಲಕ ಹಾಕಿಸಬೇಕು.

ಸ್ಟೌ ಹತ್ತಿರದ ವಾಸನೆ

ನಾಬ್ ತಿರುಗಿಸಲು ಬಿಗಿಯಾಗಿದ್ದರೆ ಒಳಗಿನ ಗ್ರೀಸ್ ಒಣಗಿದೆ. ಇಂಥ ನಾಬ್ ಬುಡದಲ್ಲೇ ಗುಳ್ಳೆ ಬರುವುದು ಹೆಚ್ಚು. ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಿ ಗ್ರೀಸ್ ಹಾಕಿಸಿ.

ಕೆಲವೊಮ್ಮೆ ಯಾವ ಭಾಗವೂ ಕೆಟ್ಟಿರುವುದಿಲ್ಲ. ಹಾಲು ಉಕ್ಕಿ ಉರಿ ಆರಿರುತ್ತದೆ, ಗ್ಯಾಸ್ ಬರುತ್ತಲೇ ಇರುತ್ತದೆ. ಸಿಮ್‌ನಲ್ಲಿಟ್ಟ ಉರಿಯನ್ನು ಕಿಟಕಿ ಗಾಳಿ ಆರಿಸಿರುತ್ತದೆ. ಸಾರಿಗೆ ಸಿಮ್ ಇಟ್ಟು ಟಿವಿ ಮುಂದೆ ಕೂರುವ ಮನೆಗಳಲ್ಲಿ ಹೀಗಾಗುವುದು ಸಾಮಾನ್ಯ.

ಇನ್ನು ಸಿಲಿಂಡರ್ ಮುಗಿಯುವ ಎರಡು ಮೂರು ದಿನ ಮಾತ್ರ ವಾಸನೆ ಜಾಸ್ತಿ ಬಂದರೆ ಅದಕ್ಕೊಂದು ಕಾರಣ ಇದೆ. ವಾಸನೆಯ ವಸ್ತು ಗ್ಯಾಸಿನಷ್ಟು ಬೇಗ ಆವಿಯಾಗುವುದಿಲ್ಲ, ತಳದಲ್ಲಿ ಉಳಿಯುತ್ತಾ ಹೋಗಿ ಕೊನೆಗೆ ಒಟ್ಟಿಗೇ ಬರುತ್ತದೆ. ಹಾಗಂತ ಪರೀಕ್ಷೆ ಬಿಡಬೇಡಿ. ಗುಳ್ಳೆ ಎಲ್ಲೂ ಬರಲಿಲ್ಲ ಅಂತ ನೋಡಿದ ಮೇಲೆ ಮಾತ್ರ ಈ ಕಾರಣ ಒಪ್ಪಿಕೊಳ್ಳಿ.

ಉರಿ ಸರಿ ಇಲ್ಲದಿದ್ದರೆ

ಉರಿ ನೀಲಿ ಇರಬೇಕು. ಹಳದಿಯಾಗಿ, ಪಾತ್ರೆ ತಳಕ್ಕೆ ಮಸಿ ಹಿಡಿದರೆ ಗಾಳಿ ಸಾಲುತ್ತಿಲ್ಲ. ಬರ್ನರ್ ತೂತುಗಳಲ್ಲಿ ಉಕ್ಕಿದ ಅನ್ನದ ಗಂಜಿ ಒಣಗಿರುತ್ತದೆ, ಅಥವಾ ಕೆಳಗಿನ ಗಾಳಿ ಕೊಳವೆಯಲ್ಲಿ ಜೇಡ ಗೂಡು ಕಟ್ಟಿರುತ್ತದೆ. ಬರ್ನರ್ ತೆಗೆದು ಬಿಸಿನೀರಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿ, ಸರಿಯಾಗಿ ಕೂರಿಸಿ. ತೊಳೆದ ಮೇಲೆ ಒದ್ದೆ ಇದ್ದರೂ ಸ್ವಲ್ಪ ಹೊತ್ತು ಉರಿ ಕೆಂಪಾಗಿರುತ್ತದೆ. ಸಾಂಬಾರ್ ಉಕ್ಕಿದಾಗ ಉಪ್ಪಿನಿಂದ ಕಿತ್ತಳೆ ಬಣ್ಣ ಬರುತ್ತದೆ. ಅದಕ್ಕೆ ಗಾಬರಿ ಬೇಡ. ಬರ್ನರಿಗೆ ಗ್ಯಾಸ್ ಬಿಡುವ ಪುಟ್ಟ ಮೂತಿಗೆ ಜೆಟ್ ಅನ್ನುತ್ತಾರೆ, ಅದರ ತೂತಿಗೆ ಮಾತ್ರ ದಪ್ಪ ಸೂಜಿ ಹಾಕಬೇಡಿ. ಕೂದಲಷ್ಟು ದೊಡ್ಡದಾದರೂ ಗ್ಯಾಸ್ ಹೆಚ್ಚು ನುಗ್ಗಿ ಉರಿ ಶಾಶ್ವತವಾಗಿ ಕೆಡುತ್ತದೆ.

ಒಂದೇ ಬರ್ನರ್ ಮಂದವಾದರೆ ಆ ಜೆಟ್ ಕಟ್ಟಿದೆ. ಎರಡೂ ಮಂದವಾದರೆ ಪೈಪ್ ಮಡಚಿದೆ, ರೆಗ್ಯುಲೇಟರ್ ಕೆಟ್ಟಿದೆ ಅಥವಾ ಗ್ಯಾಸ್ ಮುಗಿದಿದೆ. ಎಷ್ಟು ಉಳಿದಿದೆ ಅಂತ ನೋಡಲು ಒದ್ದೆ ಬಟ್ಟೆಯಿಂದ ಸಿಲಿಂಡರ್ ಮೈ ಒಂದು ಸಲ ಒರೆಸಿ. ಖಾಲಿ ಭಾಗ ಬೇಗ ಒಣಗುತ್ತದೆ, ದ್ರವ ಇರುವ ಭಾಗ ತಡವಾಗಿ ಒಣಗುತ್ತದೆ. ಒಂದು ಗೆರೆ ಕಾಣುತ್ತದೆ, ಅದೇ ಮಟ್ಟ.

ಮಡಿಕೇರಿ, ಚಿಕ್ಕಮಗಳೂರು ಕಡೆ ಚಳಿಗಾಲದ ಬೆಳಗ್ಗೆ ಉರಿ ಮಂದವಾಗುವುದು ಉಂಟು. ಚಳಿಯಲ್ಲಿ ದ್ರವ ನಿಧಾನವಾಗಿ ಆವಿಯಾಗುತ್ತದೆ. ಅದಕ್ಕೆ ಸಿಲಿಂಡರನ್ನು ಬಿಸಿನೀರಲ್ಲಿಡುವುದು, ಮಲಗಿಸಿ ಉರುಳಿಸುವುದು ಎರಡೂ ತಪ್ಪು. ಮಲಗಿಸಿದರೆ ಆವಿ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ಅದು ಸ್ಟೌನಲ್ಲಿ ಬಂದರೆ ಉರಿ ಮುಖದೆತ್ತರಕ್ಕೆ ಏಳುತ್ತದೆ.

ಬೆಂಗಳೂರಿನಲ್ಲಿ ಮನೆ ಬದಲಾಯಿಸುವವರಿಗೆ ಒಂದು ವಿಷಯ. ಪೈಪ್ ಗ್ಯಾಸ್ ಇದ್ದ ಮನೆಯ ಸ್ಟೌ ತಂದು ಸಿಲಿಂಡರಿಗೆ ಹಾಕಿದರೆ ಉರಿ ಹಳದಿಯಾಗಿ ಎತ್ತರಕ್ಕೆ ಏಳುತ್ತದೆ. ಪೈಪ್ ಗ್ಯಾಸಿನ ಸ್ಟೌಗೆ ದೊಡ್ಡ ತೂತಿನ ಜೆಟ್ ಇರುತ್ತದೆ. ಮೊದಲು ಜೆಟ್ ಬದಲಾಯಿಸಿ. ಪೈಪ್ ಗ್ಯಾಸ್ ಗಾಳಿಗಿಂತ ಹಗುರ, ಸೋರಿದರೆ ಸೂರಿನ ಕಡೆ ಹೋಗುತ್ತದೆ. ಅಲ್ಲಿ ಕಲಿತ ಅಭ್ಯಾಸದಿಂದ ಇಲ್ಲಿ ಮೇಲೆ ಹುಡುಕಬೇಡಿ.

ಗ್ಯಾಸ್ ಗೀಸರ್ ಇದ್ದರೆ ಅದು ಬಚ್ಚಲುಮನೆಯ ಹೊರಗೆ ಗಾಳಿಯಾಡುವ ಜಾಗದಲ್ಲಿರಬೇಕು. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಭಾರ, ವಾಂತಿ ಬಂದ ಹಾಗೆ ಅನ್ನಿಸಿದರೆ ತಕ್ಷಣ ಹೊರಗೆ ಬನ್ನಿ. ಈ ಒಂದು ದೋಷಕ್ಕೆ ಮೂಗು ಸಹಾಯ ಮಾಡುವುದಿಲ್ಲ.

ಇಡುವ ಜಾಗ, ಇಡುವ ರೀತಿ

ಸಿಲಿಂಡರ್ ಯಾವಾಗಲೂ ನಿಂತೇ ಇರಬೇಕು, ತುಂಬಿದ್ದಾದರೂ ಖಾಲಿಯಾದರೂ. ಸ್ಟೌ ಅದಕ್ಕಿಂತ ಎತ್ತರದ ಕಟ್ಟೆ ಮೇಲಿರಬೇಕು. ಈಗಿನ ಮಾಡ್ಯುಲರ್ ಕಿಚನ್‌ಗಳಲ್ಲಿ ಸಿಲಿಂಡರನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಹಾಕುತ್ತಾರೆ. ಇದು ನನಗೆ ಬಹಳ ಚಿಂತೆ ತರುವ ವಿಷಯ. ಸೋರಿದ ಗ್ಯಾಸ್ ಅಲ್ಲೇ ತುಂಬಿಕೊಳ್ಳುತ್ತದೆ, ಬಾಗಿಲು ತೆಗೆದಾಗಲೇ ಹೊರಗೆ ಬರುತ್ತದೆ. ಬಾಗಿಲಿನ ಕೆಳಭಾಗದಲ್ಲಿ, ನೆಲದ ಮಟ್ಟದಲ್ಲೇ, ಗಾಳಿ ಕಿಂಡಿ ಕೊರೆಸಿ. ಬಡಗಿಗಳು ನೋಡಲು ಚೆಂದ ಅಂತ ಮೇಲೆ ಮಾತ್ರ ಕೊರೆಯುತ್ತಾರೆ. ಅದು ಸಾಲದು.

ಸಿಲಿಂಡರಿನ ಹಿಡಿಯ ಕೆಳಗಿನ ಪಟ್ಟಿಯ ಒಳಮೈಯಲ್ಲಿ ಒಂದು ಅಕ್ಷರ, ಒಂದು ಸಂಖ್ಯೆ ಇರುತ್ತದೆ. ಎ ಅಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಡಿ 27 ಅಂತಿದ್ದರೆ 2027ರ ಡಿಸೆಂಬರ್ ಒಳಗೆ ಅದಕ್ಕೆ ಮತ್ತೆ ಒತ್ತಡ ಪರೀಕ್ಷೆ ಆಗಬೇಕು. ಆ ದಿನ ದಾಟಿದ್ದನ್ನು ತಂದರೆ ವಾಪಸ್ ಕಳಿಸಿ. ಅಲ್ಲೇ ಖಾಲಿ ಸಿಲಿಂಡರಿನ ತೂಕವೂ ಬರೆದಿರುತ್ತದೆ. 15.8 ಅಂತಿದ್ದರೆ ತುಂಬಿದ್ದು 14.2 ಸೇರಿ 30 ಕೆ.ಜಿ. ಬರಬೇಕು. ತೂಕ ಮಾಡಿಸಿಕೊಳ್ಳುವುದು ನಿಮ್ಮ ಹಕ್ಕು.

2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಲೈಸೆನ್ಸ್ ಇಲ್ಲದೇ ಒಂದು ಜಾಗದಲ್ಲಿ 100 ಕೆ.ಜಿ.ವರೆಗೆ ಮಾತ್ರ ಗ್ಯಾಸ್ ಇಡಬಹುದು. ಮನೆ ಸಿಲಿಂಡರ್ ಲೆಕ್ಕದಲ್ಲಿ ಏಳಕ್ಕೆ 99.4 ಕೆ.ಜಿ. ಆಗುತ್ತದೆ. ಮದುವೆಗೆ, ಜಾತ್ರೆ ಅನ್ನದಾನಕ್ಕೆ ಊರವರಿಂದೆಲ್ಲ ಸಿಲಿಂಡರ್ ಕೂಡಿಸುವಾಗ ಈ ಲೆಕ್ಕ ನೆನಪಿರಲಿ. ಅಂಥ ಕಡೆ ಮನೆ ಸಿಲಿಂಡರ್ ಬಳಸುವುದೇ ತಪ್ಪು, 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರ್ ತರಿಸಬೇಕು. ದೊಡ್ಡ ಸಿಲಿಂಡರಿನಿಂದ ಪುಟ್ಟ ಸ್ಟೌಗೆ ಗ್ಯಾಸ್ ತುಂಬಿಸಿಕೊಡುವ ಅಂಗಡಿಗಳಿಗೆ ಹೋಗಲೇಬೇಡಿ. ಅದು ಕಾನೂನಿಗೂ ವಿರುದ್ಧ, ಎಷ್ಟು ತುಂಬಿತು ಅನ್ನುವ ಅಳತೆಯೂ ಇರುವುದಿಲ್ಲ.

ಸರಿ ಮಾಡಿಸಿದ ಮೇಲೆ

ಯಾವ ಭಾಗ ಬದಲಾಯಿಸಿದರೂ ಮೆಕ್ಯಾನಿಕ್ ಹೋಗುವ ಮೊದಲು ಅವರ ಎದುರಿಗೇ ಸೋಪು ನೀರು ಸವರಿ. ಅವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಬದಲಾಯಿಸಿದ ಭಾಗ ಮಾತ್ರವಲ್ಲ, ವಾಲ್ವ್‌ನಿಂದ ನಾಬ್‌ವರೆಗೆ ಪೂರ್ತಿ ಸವರಿ. ಒಂದೇ ಮನೆಯಲ್ಲಿ ಎರಡು ಸೋರಿಕೆ ಇರಬಾರದು ಅಂತ ಏನಿಲ್ಲ. ರಾತ್ರಿ ರೆಗ್ಯುಲೇಟರ್ ಆಫ್ ಮಾಡಿ ಮಲಗಿ. ಬೆಳಗ್ಗೆ ಎದ್ದು ಯಾವ ಸ್ವಿಚ್ಚೂ ಹಾಕುವ ಮೊದಲು, ಒಲೆಗೆ ಬೆಂಕಿ ಹಾಕುವ ಮೊದಲು, ತಗ್ಗಿನ ಜಾಗಕ್ಕೆ ಹೋಗಿ ಒಮ್ಮೆ ಬಗ್ಗಿ ನೋಡಿ. ಅಮ್ಮ ಹಾಗೆ ಒಂದು ವಾರ ನೋಡಿದರು. ಎಂಟನೇ ದಿನ ಫೋನ್ ಮಾಡಿ, "ಬಚ್ಚಲಲ್ಲಿ ಈಗ ಸೌದೆ ವಾಸನೆ ಬಿಟ್ಟರೆ ಬೇರೆ ಇಲ್ಲ" ಅಂದರು.